ಬೆವರಪ್ಪನಿಗೆ ಎಣ್ಣೆ ಸವರಿದ ಶನಿವಾರ

ಹಾಸಗಲ್ಲು ಪಟ್ಟಣದಲ್ಲಿ ಒಂದು ಕರಾರಿತ್ತು. ಹಣಮಪ್ಪನ ಗುಡಿಯ ನಗಾರಿ, ಗುಡ್ಡದ ಮೇಲಿನ ದರ್ಗಾದ ಮೈಕು, ಮೆಥಡಿಸ್ಟ್ ಚರ್ಚಿನ ಗಂಟೆ, ಬುದ್ಧವಿಹಾರದ ಜಾಗಟೆ, ಈ ನಾಲ್ಕರಲ್ಲಿ ಯಾವುದಾದರೂ ಒಂದು ಹೊತ್ತಲ್ಲದ ಹೊತ್ತಿನಲ್ಲಿ ಮೊಳಗಿದರೆ ಉಳಿದ ಮೂರೂ ಮೊಳಗಬೇಕು. ಯಾಕೆ ಎಂದು ಕೇಳಬಾರದು. ಕೇಳುತ್ತ ನಿಂತಷ್ಟು ಹೊತ್ತಿನಲ್ಲಿ ಸುಣ್ಣಗಲ್ಲಿನ ಗಣಿಯ ತಳದಲ್ಲಿ ಒಂದು ಜೀವ ಹೋಗಿರುತ್ತದೆ. ನಾಲ್ಕೂ ಮೊಳಗಿದವೆಂದರೆ ಗಣಿಯಲ್ಲಿ, ಪಾಲಿಶ್ ಶೆಡ್ಡಿನಲ್ಲಿ, ಡಾಂಬರು ರಸ್ತೆಯಲ್ಲಿ ಇದ್ದವರೆಲ್ಲ ಕೈಲಿದ್ದುದನ್ನು ಕೆಳಗಿಟ್ಟು ನೆರಳಿಗೆ ಬರಬೇಕು. ಜನ ಇದನ್ನು ‘ನಾಕರ ಕೂಗು’ ಎನ್ನುತ್ತಿದ್ದರು.

ಹಾಸಗಲ್ಲಿನವರು ಬಿಸಿಲಿಗೆ ಹೆದರುವ ಮಂದಿಯಲ್ಲ. ಒಣ ಬಿಸಿಲು ಅಜ್ಜ ಮುತ್ಯಾನ ಕಾಲದಿಂದ ಅವರ ಮನೆಯ ನೆಂಟ. ತಲೆಗೊಂದು ರುಮಾಲು ಸುತ್ತಿ, ಒಂದು ತಂಬಿಗೆ ಮಜ್ಜಿಗೆ ಕುಡಿದು ಕೆಲಸಕ್ಕೆ ಇಳಿದರೆ ಬೆವರು ಬರುತ್ತಿತ್ತು, ಗಾಳಿಗೆ ಆರುತ್ತಿತ್ತು, ಮೈ ತಣಿಯುತ್ತಿತ್ತು. ಆದರೆ ಕೆಲವು ವರ್ಷಗಳಿಂದ ಬೇಸಿಗೆಯ ಬೆನ್ನಿಗೆ ಬೇರೆಯದೇ ಒಂದು ಬರತೊಡಗಿತ್ತು. ಕಾದ ಬಂಗಾಳ ಕೊಲ್ಲಿಯಿಂದ ಎದ್ದ ಹಬೆ ಮಳೆಯಾಗದೆ ಅಲೆದು ಬಂದು ಈ ಬಯಲಿನ ಮೇಲೆ ಒದ್ದೆ ಕಂಬಳಿಯಂತೆ ಬೀಳುತ್ತಿತ್ತು. ಆಗ ಬೆವರು ಬರುತ್ತದೆ, ಆರುವುದಿಲ್ಲ. ಆರದ ಬೆವರು ಮೈಯ ಕಾವನ್ನು ಒಯ್ಯುವುದಿಲ್ಲ. ನೆರಳಲ್ಲಿ ಕೂತವನಿಗೆ ಅದು ಸೆಕೆ, ಕಲ್ಲು ಒಡೆಯುವವನಿಗೆ ಸಾವು. ಜನ ಅದಕ್ಕೆ ‘ಹಸಿ ಬೆಂಕಿ’ ಎಂದು ಹೆಸರಿಟ್ಟರು. ಕಾಯ್ದೆಗೆ ಮಾತ್ರ ಅದರ ಹೆಸರೇ ಗೊತ್ತಿರಲಿಲ್ಲ. ಕಾಯ್ದೆ ಕೇಳುವುದು ಗಾಳಿಯ ಬಿಸಿಯನ್ನಷ್ಟೆ; ನಲವತ್ತೈದು ಡಿಗ್ರಿ ದಾಟಿದರೆ ರಜೆ. ಹಸಿ ಬೆಂಕಿಯ ದಿನ ಪಾದರಸ ಮೂವತ್ತೆಂಟರಲ್ಲಿ ಸಭ್ಯಸ್ಥನಂತೆ ಕೂತಿರುತ್ತಿತ್ತು. ಕೆಳಗೆ ಜನ ಸಾಯುತ್ತಿದ್ದರು, ಕಂಪನಿಯ ಡಾಕ್ಟರು ಹೃದಯಾಘಾತ ಎಂದು ಬರೆಯುತ್ತಿದ್ದರು. ಮೂವತ್ತೂ ತುಂಬದ ಹೃದಯಗಳು ಒಂದೇ ಗಣಿಯಲ್ಲಿ, ಒಂದೇ ಮಧ್ಯಾಹ್ನ, ಸಾಲಾಗಿ ಯಾಕೆ ನಿಂತವೆಂದು ಕೇಳುವ ಕಾಲಮ್ಮು ಅವರ ಫಾರಮ್ಮಿನಲ್ಲಿರಲಿಲ್ಲ.

ಅಂಥ ಒಂದು ವಾರದಲ್ಲಿ ಊರಿನ ನಾಲ್ಕೂ ಮಸಣಗಳಲ್ಲಿ ಗುಂಡಿ ತೋಡುವವರು ಸಾಲದೆ ಹೋದರು. ಗುಡಿಯವರ ಗುಂಡಿಯನ್ನು ದರ್ಗಾದವರು ತೋಡಿದರು, ದರ್ಗಾದವರದನ್ನು ಚರ್ಚಿನವರು, ಚರ್ಚಿನವರದನ್ನು ವಿಹಾರದವರು, ವಿಹಾರದವರದನ್ನು ಗುಡಿಯವರು. ಗುದ್ದಲಿ ಕೆಳಗಿಟ್ಟು ಮೈ ಒರೆಸಿಕೊಳ್ಳುತ್ತ ಕೂತವರ ನಡುವೆಯೇ ಒಕ್ಕೂಟ ಹುಟ್ಟಿತು. ಅವರ ಬೇಡಿಕೆ ಒಂದೇ. ಕಾಯ್ದೆ ಬೆವರನ್ನೂ ಅಳೆಯಬೇಕು.

ಅಳೆಯುವ ಯಂತ್ರ ಮಾಡಿಕೊಟ್ಟವಳು ವಿಹಾರದ ಓಣಿಯ ಗೌತಮಿ ಹೊಸಮನಿ. ವಾತಾವರಣ ವಿಜ್ಞಾನ ಓದಿ ಬಂದವಳು. ಯಂತ್ರದಲ್ಲಿ ದೊಡ್ಡ ಮಾಯೆ ಏನಿರಲಿಲ್ಲ. ಎರಡು ಉಷ್ಣಮಾಪಕ, ಒಂದು ಬರಿಯದು, ಇನ್ನೊಂದರ ತುದಿಗೆ ಸದಾ ಒದ್ದೆಯಾಗಿರುವ ಹತ್ತಿಬಟ್ಟೆಯ ಬತ್ತಿ. ಬತ್ತಿಯ ನೀರು ಆರಿದಷ್ಟೂ ಆ ಮಾಪಕ ತಣ್ಣಗಾಗುತ್ತದೆ, ಆರದಿದ್ದರೆ ಬಿಸಿಯಾಗುತ್ತದೆ. ಥೇಟ್ ಮನುಷ್ಯನ ಮೈ ಹಾಗೆ. ಒದ್ದೆ ಮಾಪಕ ಮೂವತ್ತೆರಡು ದಾಟಿತೆಂದರೆ ದುಡಿಯುವ ಮೈ ತನ್ನನ್ನು ತಾನು ಉಳಿಸಿಕೊಳ್ಳಲಾರದು. ಆಗ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತುತ್ತದೆ. ನಾಲ್ಕು ಎತ್ತರಗಳ ಮೇಲೆ ನಾಲ್ಕು ಪೆಟ್ಟಿಗೆ ಕೂತವು. ನಾಲ್ಕರ ಅಂಕಿಯೂ ರೇಡಿಯೋ ಮೂಲಕ ವಿಹಾರದ ಮಹಡಿಯ ಕೋಣೆಗೆ ಬರುತ್ತಿತ್ತು. ಕೂಗುವ ಮೊದಲು ತನ್ನನ್ನೊಂದು ಮಾತು ಕೇಳಲಿ ಎಂದು ಗೌತಮಿ ಆಗ ಬಹಳ ವಾದಿಸಿದ್ದಳು. ಯಾರೂ ಒಪ್ಪಲಿಲ್ಲ. ಒಬ್ಬರ ಕೂಗನ್ನು ಇನ್ನೊಬ್ಬರು ತಪಾಸಣೆ ಮಾಡುವುದೆಂದರೆ ನಂಬಿಕೆಗೆ ಕೊಡಲಿ ಹಾಕಿದಂತೆ ಎಂದು ಹಿರಿಯರು ಹೇಳಿದರು.

ಮೊದಲ ಬೇಸಿಗೆಯಲ್ಲೇ ಒಂದು ನಿಜವಾದ ಕೂಗು ಬಂತು. ಗಣಿ ಖಾಲಿಯಾಯಿತು, ಅಂದು ಯಾರೂ ಸಾಯಲಿಲ್ಲ. ಮರುದಿನದಿಂದ ಜನ ಪೆಟ್ಟಿಗೆಗೆ ಬೆವರಪ್ಪ ಎಂದು ಹೆಸರಿಟ್ಟರು. ದರ್ಗಾದ ಬೆವರಪ್ಪನ ರೇಡಿಯೋ ಕೊಂಬಿಗೆ ಹಸಿರು ದಾರ ಬಂತು. ಚರ್ಚಿನ ಬೆವರಪ್ಪನ ಮುಂದೆ ಮೇಣದಬತ್ತಿ ಬಂತು. ಗೌತಮಿ ನಕ್ಕು ಸುಮ್ಮನಾದಳು. ಪ್ರಾಣ ಉಳಿಸಿದ್ದಕ್ಕೆ ಒಂದು ದಾರ, ಒಂದು ದೀಪ, ಇರಲಿ ಬಿಡು ಎಂದುಕೊಂಡಳು.

ಎರಡನೇ ಬೇಸಿಗೆಯ ಆ ಶನಿವಾರ ನಡುಹಗಲಲ್ಲಿ ಗೌತಮಿ ಮಹಡಿಯ ಕೋಣೆಯಲ್ಲಿದ್ದಳು. ಗಾಳಿ ಒಣಗಿತ್ತು. ಮೂರು ಪೆಟ್ಟಿಗೆಗಳ ಒದ್ದೆ ಮಾಪಕ ಇಪ್ಪತ್ತಾರರ ಸುತ್ತ ಆಡುತ್ತಿತ್ತು. ಹಣಮಪ್ಪನ ಗುಡಿಯ ಅಂಕಿ ಮಾತ್ರ ಕಣ್ಣೆದುರಿಗೇ ಏರತೊಡಗಿತು. ಇಪ್ಪತ್ತೊಂಬತ್ತು, ಮೂವತ್ತೊಂದು, ಮೂವತ್ನಾಲ್ಕು. ಅವಳು ಫೋನಿಗೆ ಕೈ ಹಾಕುವಷ್ಟರಲ್ಲಿ ನಗಾರಿ ಗುಡುಗಿತು. ಮರುಕ್ಷಣ ದರ್ಗಾದ ಮೈಕು, ಅದರ ಬೆನ್ನಿಗೆ ಗಂಟೆ. ಕೆಳಗೆ ವಿಹಾರದ ಜಾಗಟೆಯೂ ಕರಾರಿನಂತೆ, ಕೇಳದೆ, ಬಡಿಯಿತು. ಗಣಿ ಖಾಲಿಯಾಯಿತು. ಮೇಲೆ ಬಂದವರಿಗೆ ತಂಪಾದ ಒಣಗಾಳಿ ಬೀಸುತ್ತಿತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಬೆವರು ಆಗಲೇ ಆರಿತ್ತು.

ಕಂಪನಿ ಅಂದಿನ ಹಾಜರಿ ಕಡಿದು ಹಾಕಿತು. ಸಂಜೆಯೊಳಗೆ ಊರಿನಲ್ಲೊಂದು ಮಾತು ಹರಿದಾಡಿತು. ಸುಳ್ಳು ಕೂಗು ಎತ್ತಿದ್ದು ದರ್ಗಾದವರಂತೆ. ಗಣಿಯ ತುಟಿಯ ಮೇಲೇ ನಿಂತ ಗುಡ್ಡದ ಮೈಕು ಎಲ್ಲಕ್ಕಿಂತ ಜೋರು. ಗಣಿಯವರ ಕಿವಿಗೆ ಮೊದಲು ಬಿದ್ದದ್ದು ಅದೇ. ಶನಿವಾರ ಹಣಮಪ್ಪನ ವಾರ ನೋಡಿಯೇ ಮಾಡಿದ್ದಾರೆ ಎಂದು ಯಾರೋ ಸೇರಿಸಿದರು. ಬೆಳಗಾಗುವಷ್ಟರಲ್ಲಿ ದರ್ಗಾದ ಮೆಟ್ಟಿಲ ಬಳಿ ದಾರಿಹೋಕರಿಗೆಂದು ಇಟ್ಟಿದ್ದ ನೀರಿನ ಹರವಿಗಳು ಚೂರಾಗಿದ್ದವು. ಅದರ ಬೆನ್ನಿಗೇ ಸರ್ಕಾರದ ಆದೇಶ ಬಂತು. ಮಂಗಳವಾರ ಕಾರ್ಮಿಕ ಆಯೋಗ ಊರಿಗೆ ಬಂದು ಈ ಯಂತ್ರಗಳ ವಿಚಾರಣೆ ಮಾಡುತ್ತದೆ, ಅಲ್ಲಿಯವರೆಗೆ ಕೂಗು ನಿಷೇಧ, ಕೂಗಿದವರಿಗೆ ಜೈಲು. ಹರವಿ ಒಡೆದವರ ಬಗ್ಗೆ ಆದೇಶದಲ್ಲಿ ಒಂದು ಅಕ್ಷರವಿರಲಿಲ್ಲ.

ಭಾನುವಾರ ಗೌತಮಿ ಹಣಮಪ್ಪನ ಗುಡಿಯ ಮಾಳಿಗೆ ಹತ್ತಿದಳು. ಪೂಜಾರಿ ಅಡಿವೆಪ್ಪ ಹಿಂದಿನ ದಿನ ಭಕ್ತರ ಗದ್ದಲ ಎಂದು ಅವಳನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದ. ಇಂದು ಏನೂ ಹೇಳದೆ ಹಿಂದೆ ಹತ್ತಿ ಬಂದ. ಪೆಟ್ಟಿಗೆಯ ಬಾಗಿಲು ತೆಗೆದು ನೋಡಿದಳು. ಬಿಳಿಯ ಬತ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಬೆರಳು ಜಾರಿತು. ಎಣ್ಣೆ, ಅದರ ಮೇಲೆ ಸಿಂಧೂರ. ಶನಿವಾರ ಹಣಮಪ್ಪನ ಮೈಗೆ ಏನು ಸವರುತ್ತಾರೋ ಅದನ್ನೇ ಬೆವರಪ್ಪನ ಮೈಗೂ ಸವರಿದ್ದರು. ಎಣ್ಣೆ ಕುಡಿದ ಬಟ್ಟೆಯಿಂದ ನೀರು ಹೇಗೆ ಆರೀತು? ಆರದ ಬತ್ತಿ ಬಿಸಿಯಾಗಿತ್ತು. ಯಂತ್ರ ತನಗೆ ಕಂಡ ಸತ್ಯವನ್ನೇ ಹೇಳಿತ್ತು. ನನ್ನ ಬೆವರು ಆರುತ್ತಿಲ್ಲ ಎಂದು.

ಅಡಿವೆಪ್ಪ ಮಾಳಿಗೆಯ ಕಟ್ಟೆಯ ಮೇಲೆ ಕೂತ. ಗಣಿಯಿಂದ ಗಂಡಂದಿರು ಜೀವಂತ ಮರಳಿದ ಹೆಂಗಸರು ಎಣ್ಣೆಬಟ್ಟಲು ಹಿಡಿದು ಬರುತ್ತಿದ್ದರೆಂದೂ, ಬೆವರಪ್ಪಗೂ ಇಷ್ಟು ಹಚ್ಚು ಮುತ್ಯಾ ಎಂದು ಅಂಗಲಾಚುತ್ತಿದ್ದರೆಂದೂ, ಇಷ್ಟು ದಿನ ಪೆಟ್ಟಿಗೆಯ ಮೇಲಷ್ಟೇ ಒರೆಸಿ ಕಳಿಸುತ್ತಿದ್ದವನು ಆ ಶನಿವಾರ ಬಾಗಿಲು ತೆಗೆದೆನೆಂದೂ ಹೇಳಿದ. ಮೂರ್ತಿಗೆ ಹಚ್ಚಿ, ಉಳಿಸಿದವನಿಗೆ ಹಚ್ಚದಿದ್ದರೆ ಹೇಗೆ ಎಂದು ಅನ್ನಿಸಿತಂತೆ. ಇದನ್ನು ಹೊರಗೆ ಹೇಳಿದರೆ ಗುಡಿಯ ಕಮಿಟಿ ತನ್ನ ಪೂಜೆ ಬಿಡಿಸುತ್ತದೆ ಎಂದ.

“ಹಣಮಪ್ಪನ ಗುಡಿ ಸುಳ್ಳ ಹೇಳ್ತು ಅಂತ ಊರು ಅಂತದ, ಗೌತಮಿ. ಐವತ್ತು ವರ್ಷ ಮುಟ್ಟೀನಿ ಅವನ ಮೈ. ನನ್ನ ಕೈಲಿಂದ ಆ ಮಾತ ಅವನಿಗಿ ಬರಬಾರದು.”

“ದಸ್ತಗೀರಸಾಬರ ಹರವಿ ಒಡದಾರ, ಮುತ್ಯಾ. ನಾಳಿಗಿ ಇನ್ನೇನು ಒಡೀತಾರೋ.”

ದಸ್ತಗೀರಸಾಬ ದರ್ಗಾ ನೋಡಿಕೊಳ್ಳುವ ಮುಜಾವರ. ಅವನೂ ಅಡಿವೆಪ್ಪನೂ ಒಂದೇ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವರು. ವಿಚಾರಣೆಯವರೆಗೆ ಬಾಯಿ ಬಿಡಬೇಡ, ಅಷ್ಟರಲ್ಲಿ ತಾನೇ ಯೋಚಿಸುತ್ತೇನೆ ಎಂದು ಮುದುಕ ಅವಳ ಕೈ ಹಿಡಿದುಕೊಂಡ. ಎಣ್ಣೆ ಅವಳ ಅಂಗೈಗೂ ಹತ್ತಿತು. ಗೌತಮಿ ಬತ್ತಿ ಬದಲಿಸಿದಳು, ಹಳೆಯದನ್ನು ಚೀಲಕ್ಕೆ ಹಾಕಿಕೊಂಡಳು, ಮಾತು ಕೊಟ್ಟು ಇಳಿದಳು.

ಸೋಮವಾರ ಕಂಪನಿಯ ಸುರಕ್ಷಾ ಅಧಿಕಾರಿ ಬಿರಾದಾರ ವಿಹಾರದ ಮಹಡಿಗೆ ತಾನೇ ಬಂದ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಬುದ್ಧನಿಗೆ ಕೈಮುಗಿದು, ಕುರ್ಚಿ ಎಳೆದುಕೊಂಡ. ಒಳ್ಳೆಯ ಮಾತುಗಾರ. ಆಯೋಗದವರು ಒಕ್ಕೂಟದ ಪರವಾಗಿಯೇ ಇದ್ದಾರೆ ಎಂದ. ಯಂತ್ರಗಳಿಗೆ ಮಾನ್ಯತೆ ಸಿಕ್ಕರೆ ಕಾಯ್ದೆಯೂ ಬದಲಾಗುತ್ತದೆ, ನೀವು ಬಯಸಿದ್ದು ಅದೇ ತಾನೆ ಎಂದ. ಒಂದೇ ಒಂದು ತೊಡಕು, ಶನಿವಾರದ ಸುಳ್ಳು. ಅದು ದರ್ಗಾದ ಪೆಟ್ಟಿಗೆಯ ದೋಷ ಎಂದು ಅವಳೊಂದು ಮಾತು ಹೇಳಿದರೆ ಉಳಿದ ಮೂರೂ ಗೆಲ್ಲುತ್ತವೆ. ಊರು ಹೇಗೂ ಹಾಗೇ ನಂಬಿದೆ, ಹೊಸ ಸುಳ್ಳೇನೂ ಹುಟ್ಟಿಸಬೇಕಿಲ್ಲ.

ಏಳುವಾಗ ಅವನು ಅವಳ ಗಂಡ ಸಾಯಬಣ್ಣನನ್ನು ನೆನೆದ. ಗಣಿಯ ತಳದಿಂದ ಕಲ್ಲು ಹೊರುವ ಹಳೆಯ ಡಂಪರು, ಕ್ಯಾಬಿನ್ನಿನಲ್ಲಿ ಫ್ಯಾನೂ ಇಲ್ಲ, ಪಾಪ ಎಂದ. ಹೊಸ ಎಸಿ ಡಂಪರುಗಳು ಬರುತ್ತಿವೆ, ಯಾರಿಗೆ ಕೊಡಬೇಕೆಂಬ ಪಟ್ಟಿ ತನ್ನ ಮೇಜಿನ ಮೇಲೇ ಇದೆ ಎಂದ. ಆಮೇಲೆ ಚಪ್ಪಲಿ ಮೆಟ್ಟಿ ಹೋದ. ಗೌತಮಿ ನಾಲ್ಕು ಅಂಕಿಗಳತ್ತ ತಿರುಗಿದಳು. ಒಂದು ಸುಳ್ಳಿಗೆ ಒಂದು ಕಾಯ್ದೆ, ಒಬ್ಬ ಗಂಡ. ಇಂಥ ವ್ಯಾಪಾರವನ್ನು ಇಷ್ಟು ಮೆತ್ತಗೆ ಕುದುರಿಸಲು ಎಲ್ಲಿ ಕಲಿಸುತ್ತಾರೋ.

ಮನೆಯಲ್ಲಿ ಸಾಯಬಣ್ಣ ಬಾಗಿಲ ಹಾಸುಗಲ್ಲಿನ ಮೇಲೆ ಕೂತು ಕಾಲು ತೊಳೆಯುತ್ತಿದ್ದ. ಎರಡು ದಿನದಿಂದ ಅವನು ಸರಿಯಾಗಿ ಮಾತಾಡಿರಲಿಲ್ಲ. ಹಾಜರಿ ಹೋದದ್ದಕ್ಕಿಂತ ಗೆಳೆಯರು ಮಾಡಿದ ತಮಾಷೆ ಅವನನ್ನು ಚುಚ್ಚಿತ್ತು. ನಿನ್ನ ಹೇಂತಿ ಉಸಿರಾಡಿದ್ರೂ ನಗಾರಿ ಬಡೀತದಲ್ಲೋ ಎಂದಿದ್ದರಂತೆ. ರೊಟ್ಟಿ ಬಡಿಯುತ್ತ ಗೌತಮಿ ಬಿರಾದಾರ ಬಂದು ಹೋದದ್ದನ್ನು ಹೇಳಿದಳು, ಎಸಿ ಡಂಪರಿನ ಮಾತನ್ನೂ ಮುಚ್ಚಿಡಲಿಲ್ಲ. ಸಾಯಬಣ್ಣ ನೀರು ಸುರಿದುಕೊಳ್ಳುವುದನ್ನು ನಿಲ್ಲಿಸಿದ. ದರ್ಗಾದ್ದೇ ಕೆಟ್ಟಿತ್ತೇನು ಎಂದು ಕೇಳಿದ. ಅಲ್ಲ ಎಂದಳು. ಮತ್ತೆ ಯಾವುದು ಎಂದ. ಹೇಳಲಾರೆ, ಮಾತು ಕೊಟ್ಟಿದ್ದೇನೆ ಎಂದಳು.

ಅವನು ತಂಬಿಗೆಯನ್ನು ಕಲ್ಲಿನ ಮೇಲೆ ಬೋರಲು ಇಟ್ಟ.

“ಕಂಪನಿನೂ ಹಿಂಗೇ ಅಂತದ. ಗೊತ್ತದ, ಹೇಳಲ್ಲ ಅಂತದ. ತಪ್ಪಾಗ್ಯದ ಅಂತ ನಾಕರಾಗ ಒಬ್ರರೆ ಅಂದ್ರೇನು? ಕಂಪನಿಗೂ ನಿಮ್ಮ ದೇವ್ರುಗೋಳಿಗೂ ಏನು ಫರಕ್ ಉಳೀತು?”

“ವಿಹಾರದಾಗ ದೇವ್ರಿಲ್ಲ” ಎಂದಳು ಗೌತಮಿ, ತಮಾಷೆಯಲ್ಲಿ ಮುಗಿಸಲು.

ಅವನು ನಗಲಿಲ್ಲ. “ಇನ್ಮ್ಯಾಲೆ ನೀವು ನಾಕೂ ಮಂದಿ ಬಾಯಿ ಹರಕೊಂಡರೂ ನಾ ಬಂಡಿ ಇಳ್ಯಾಂವಲ್ಲ. ತಿಳಕೊ.”

ಅವನು ಆಡಿದ ಮಾತಿನಿಂದ ಕದಲುವವನಲ್ಲ ಎಂದು ಅವಳಿಗೆ ಮದುವೆಗೆ ಮೊದಲೇ ಗೊತ್ತಿತ್ತು. ಅಂದು ಆ ಗುಣಕ್ಕೇ ಮೆಚ್ಚಿದ್ದಳು. ಈಗ ರೊಟ್ಟಿ ಹಂಚಿನ ಮೇಲೆ ಕರಿಯಾಗುವವರೆಗೂ ಅವಳಿಗೆ ತಿರುವಿ ಹಾಕುವ ನೆನಪಾಗಲಿಲ್ಲ.

ಮಂಗಳವಾರ ಬೆಳಗ್ಗೆ ಗಾಳಿ ಸತ್ತುಹೋಯಿತು. ಬೇವಿನ ಎಲೆಯೂ ಅಲ್ಲಾಡಲಿಲ್ಲ. ಹಗ್ಗಕ್ಕೆ ಹಾಕಿದ ಬಟ್ಟೆ ಒಣಗಲಿಲ್ಲ. ಆಕಾಶ ಹಾಲು ಒಡೆದಂತೆ ಬೆಳ್ಳಗಿತ್ತು. ಗೌತಮಿ ಕೈಯಲ್ಲಿ ಹಿಡಿಯುವ ಪುಟ್ಟ ರೇಡಿಯೋ ಪರದೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಾಗ ನಾಲ್ಕೂ ಅಂಕಿಗಳು ಮೂವತ್ತರ ಆಸುಪಾಸಿನಲ್ಲಿದ್ದವು. ಸಾಯಬಣ್ಣ ಅವಳಿಗಿಂತ ಮೊದಲೇ ಗಣಿಗೆ ಹೋಗಿದ್ದ.

ವಿಚಾರಣೆ ನಡೆದದ್ದು ಕಂಪನಿಯ ಅತಿಥಿಗೃಹದ ತಂಪು ಸಭಾಂಗಣದಲ್ಲಿ. ಬೆವರಿನ ನ್ಯಾಯ ಕೇಳಲು ಬಂದವರಿಗೆ ಹೊದೆಯಲು ಶಾಲು ಬೇಕಾಗುವಷ್ಟು ತಂಪು. ಕಿಟಕಿಯ ಪರದೆಗಳನ್ನು ಎಳೆದಿದ್ದರು. ಗೋಡೆಯ ಫಲಕದಲ್ಲಿ ಕಂಪನಿಯ ಮಾಪಕದ ಅಂಕಿ ಹಸಿರಾಗಿ ಹೊಳೆಯುತ್ತಿತ್ತು: ಮೂವತ್ತೆಂಟು. ಮುಂದಿನ ಸಾಲಿನಲ್ಲಿ ಗುಡಿಯ ಕಮಿಟಿ, ಪಕ್ಕಕ್ಕೆ ಚರ್ಚಿನ ಪಾಸ್ಟರ್ ಸುಗುಣಮ್ಮ, ಕೊನೆಯ ಸಾಲಿನಲ್ಲಿ ಹೆಗಲಿಗೆ ವಲ್ಲಿ ಹೊದ್ದ ಅಡಿವೆಪ್ಪ. ದಸ್ತಗೀರಸಾಬ ಬಂದಿರಲಿಲ್ಲ. ಗುಡ್ಡದ ಸುತ್ತ ಬೆಳಗಿನಿಂದ ಗುಂಪು ಕಾಯುತ್ತಿದೆ, ಇಳಿದರೆ ಹಿಂದೆ ದರ್ಗಾ ಉಳಿಯುವುದಿಲ್ಲ ಎಂದು ಹೇಳಿ ಕಳಿಸಿದ್ದ.

ಅಧ್ಯಕ್ಷರು ಗೌತಮಿಯನ್ನು ಕರೆದರು. ದರ್ಗಾದ ಯಂತ್ರ ದೋಷಪೂರಿತವಾಗಿತ್ತೇ ಎಂದು ಕೇಳಿದರು. ಬಿರಾದಾರ ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡುತ್ತ ಅವಳನ್ನೇ ನೋಡುತ್ತಿದ್ದ. ಅವಳು ಇಲ್ಲ ಎಂದಳು. ದರ್ಗಾದ ಪೆಟ್ಟಿಗೆಯಲ್ಲಿ ಅಂದು ಕೆಂಪು ದೀಪವೇ ಹತ್ತಿರಲಿಲ್ಲ, ಅವರು ಕರಾರಿಗೆ ಬದ್ಧರಾಗಿ ಕೂಗಿದರು, ಮೊದಲ ಕೂಗು ಅವರದಲ್ಲ ಎಂದಳು. ಸಭೆಯಲ್ಲಿ ಗುಜುಗುಜು ಎದ್ದಿತು. ಹಾಗಾದರೆ ಯಾರದು ಎಂದು ಅಧ್ಯಕ್ಷರು ಕೇಳಿದರು. ಅವಳ ಚೀಲದಲ್ಲಿ ಎಣ್ಣೆಬತ್ತಿ ಇತ್ತು. ಕೊನೆಯ ಸಾಲಿನತ್ತ ನೋಡಿದಳು. ಅಡಿವೆಪ್ಪ ನೆಲ ನೋಡುತ್ತಿದ್ದ. ಅದೇ ಹೊತ್ತಿಗೆ ಅವಳ ಅಂಗೈಯಲ್ಲಿದ್ದ ರೇಡಿಯೋ ಪರದೆ ನಡುಗಿತು. ಮೂವತ್ತೆರಡು ದಾಟಿತ್ತು. ಒಂದರದಲ್ಲ, ನಾಲ್ಕರದೂ.

ಅವಳು ಯಾರದೆಂಬ ಪ್ರಶ್ನೆ ಬಿಟ್ಟು, ಕೂಗಲು ಅಪ್ಪಣೆ ಕೊಡಿ ಎಂದಳು. ಕೆಳಗೆ ಗಣಿಯಲ್ಲಿ ಗಾಳಿಯಾಡುವುದಿಲ್ಲ, ಬಿಳಿಗಲ್ಲು ನಾಲ್ಕೂ ಕಡೆಯಿಂದ ಕಾವು ಕಾರುತ್ತದೆ, ಮೇಲೆ ಮೂವತ್ತೆರಡಾದರೆ ಅಲ್ಲಿ ಇನ್ನೂ ಹೆಚ್ಚು ಎಂದಳು. ಅಧ್ಯಕ್ಷರು ಗೋಡೆಯ ಹಸಿರು ಅಂಕಿಯನ್ನು ನೋಡಿದರು. ಆದೇಶ ಜಾರಿಯಲ್ಲಿದೆ, ಯಂತ್ರಗಳು ನಂಬಲರ್ಹವೇ ಎಂಬುದೇ ಇಲ್ಲಿನ ವಿಷಯ, ಅದು ತೀರ್ಮಾನವಾಗುವ ಮೊದಲು ಅವುಗಳ ಮಾತು ಕೇಳುವುದು ಹೇಗೆ ಎಂದು ನಿಧಾನವಾಗಿ ವಿವರಿಸಿದರು. ವಾದ ತಪ್ಪಿರಲಿಲ್ಲ. ಕೊಲ್ಲುವ ವಾದಗಳಲ್ಲಿ ಹೆಚ್ಚಿನವು ತಪ್ಪಿಲ್ಲದವೇ.

ಕುರ್ಚಿ ಸರಿದ ಸದ್ದಾಯಿತು. ಅಡಿವೆಪ್ಪ ಎದ್ದಿದ್ದ. ಏನಾದರೂ ಹೇಳುವುದಿದೆಯೇ ಎಂದು ಅಧ್ಯಕ್ಷರು ಕೇಳಿದರು. ಅದ ರೀ, ಇಲ್ಲಿ ಹೇಳೂದಲ್ಲ ಎಂದು ಮುದುಕ ಬಾಗಿಲು ತಳ್ಳಿಕೊಂಡು ಹೊರಗೆ ನಡೆದ. ಗೌತಮಿ ಹಿಂದೆ ಓಡಿದಳು. ಸುಗುಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಚರ್ಚಿನ ದಾರಿ ಹಿಡಿದಳು.

ಹೊರಗೆ ಹಬೆ ಮುಖಕ್ಕೆ ರಾಚಿತು. ಗುಡಿಗೆ ಕಮಿಟಿ ಬೀಗ ಹಾಕಿತ್ತು. ಬೀಗ ಇರದಿದ್ದರೂ ನಗಾರಿಯ ಸದ್ದಾಗಲಿ ಗಂಟೆಯ ಸದ್ದಾಗಲಿ ಕಲ್ಲು ಪುಡಿಮಾಡುವ ಕ್ರಷರಿನ ಅಬ್ಬರ ದಾಟಿ ಗಣಿಯ ತಳ ಮುಟ್ಟುತ್ತಿರಲಿಲ್ಲ. ಮುಟ್ಟುವುದು ಗುಡ್ಡದ ಮೈಕು ಒಂದೇ. ಅಡಿವೆಪ್ಪ ಗುಡ್ಡದ ಕಡೆಗೇ ಕಾಲು ಹಾಕುತ್ತಿದ್ದ. ಮೆಟ್ಟಿಲ ಬುಡದಲ್ಲಿ ನಿಂತಿದ್ದ ಗುಂಪು ಪೂಜಾರಿಯನ್ನು ನೋಡಿ ಹುರುಪಿನಿಂದ ದಾರಿ ಬಿಟ್ಟಿತು. ಮುತ್ಯಾನೇ ಬಂದ, ಇನ್ನು ನೋಡಬೇಕು ಎಂದಿತು. ಗೌತಮಿ ಅವನ ರಟ್ಟೆ ಹಿಡಿದು ಹತ್ತಿಸಿದಳು. ಮುದುಕನ ಮೈ ಕೆಂಡವಾಗಿತ್ತು. ಬೆವರು ಹನಿಹನಿಯಾಗಿ ಇಳಿಯುತ್ತಿತ್ತೇ ಹೊರತು ಆರುತ್ತಿರಲಿಲ್ಲ.

ದಸ್ತಗೀರಸಾಬ ಮೈಕಿನ ಕೋಣೆಯ ಹೊಸ್ತಿಲಲ್ಲಿ ಕೂತಿದ್ದ. ಅವನ ತಲೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅಲ್ಲಿಂದ ಗಣಿ ಪೂರಾ ಕಾಣುತ್ತದೆ. ಆಳದ ಬಿಳಿ ಬಟ್ಟಲಲ್ಲಿ ಹಳದಿ ಡಂಪರುಗಳು ಇರುವೆಗಳಂತೆ ಹತ್ತುತ್ತಿದ್ದವು. ಅದರಲ್ಲೊಂದು ಸಾಯಬಣ್ಣನದು. ಯಾವುದೆಂದು ಇಷ್ಟು ಎತ್ತರದಿಂದ ಗುರುತು ಸಿಗಲಿಲ್ಲ.

“ದೀಪ ನೋಡ್ಕೋತ ಕುಂತೀನಿ, ಬೇಟಿ” ಎಂದ ದಸ್ತಗೀರಸಾಬ. “ನಾ ಕೂಗಿದ್ರ ಇದು ಸುಡತದ. ಕೂಗದಿದ್ರ ಅಲ್ಲಿ ಮಂದಿ ಸಾಯ್ತದ. ಎದ್ದು ಎರಡು ಸಲ ಒಳಗ ಹೋಗಿ ಬಂದೀನಿ. ಕೈ ಬರವಲ್ದು.”

“ನೀ ಕೂಗಬ್ಯಾಡ, ದಸ್ತಗೀರ” ಎಂದ ಅಡಿವೆಪ್ಪ. ಏದುಸಿರಿನಲ್ಲಿ ಮಾತು ತುಂಡಾಗುತ್ತಿತ್ತು. “ಮೈಕ್ ನನ್ನ ಕೈಗಿ ಕೊಡು.”

ಮುಜಾವರ ಗೆಳೆಯನ ಮುಖವನ್ನು ನೋಡಿದ. ಅಲ್ಲಿ ಏನು ಕಂಡಿತೋ, ಒಂದು ಮಾತೂ ಕೇಳದೆ ಎದ್ದು ಒಳಗೆ ಹೋಗಿ ಸ್ವಿಚ್ಚು ಹಾಕಿದ. ಕರಾರು ಇದ್ದದ್ದೇ ಹಾಗಲ್ಲವೆ, ಕೇಳಬಾರದೆಂದು.

ಮೈಕು ಒಮ್ಮೆ ಕಿರುಗುಟ್ಟಿತು. ಆಮೇಲೆ ಅಜಾನಿನ ದನಿಯಲ್ಲದ, ಮಂತ್ರದ ದನಿಯೂ ಅಲ್ಲದ, ಒಬ್ಬ ಮುದುಕನ ಒಡೆದ ದನಿ ಗುಡ್ಡದಿಂದ ಗಣಿಯೊಳಕ್ಕೆ ಉರುಳಿತು.

“ನಾ ಅಡಿವೆಪ್ಪ. ಹಣಮಪ್ಪನ ಗುಡಿ ಪೂಜಾರಿ. ಬೆವರಪ್ಪನ ಬತ್ತಿಗಿ ಎಣ್ಣಿ ಹಚ್ಚಿದಾಂವ ನಾ. ಶನಿವಾರದ ಸುಳ್ಳು ದರ್ಗಾದ್ದಲ್ಲ, ಹಣಮಪ್ಪಂದಲ್ಲ, ನಂದು. ತಪ್ಪಾಗ್ಯದ. ಇವತ್ತು ಖರೇ ಅದ. ನಾಕೂ ದೀಪ ಹತ್ಯಾವ. ಇಳೀರಿ ಯಪ್ಪಾ. ನನ್ನ ಬೈರಿ, ಬಡೀರಿ, ಆಮ್ಯಾಲ. ಈಗ ಇಳೀರಿ.”

ಗೌತಮಿ ಗಣಿಯತ್ತ ನೋಡುತ್ತಿದ್ದಳು. ಡಂಪರುಗಳು ನಿಲ್ಲಲಿಲ್ಲ. ಮೆಟ್ಟಿಲ ಬುಡದಲ್ಲಿ ಗದ್ದಲ ಎದ್ದಿತು, ಯಾರೋ ಕಿರುಚಿದರು, ಆಮೇಲೆ ಅದೂ ನಿಂತಿತು. ದೂರದಲ್ಲಿ ಚರ್ಚಿನ ಗಂಟೆ ಶುರುವಾಯಿತು. ವಿಹಾರದ ಜಾಗಟೆ ಸೇರಿತು. ಅಡಿವೆಪ್ಪ ಅದೇ ಮಾತನ್ನು ಮತ್ತೆ ಮೊದಲಿನಿಂದ ಹೇಳತೊಡಗಿದ್ದ. ತಪ್ಪಾಗ್ಯದ, ನಂದು, ಇಳೀರಿ. ಡಂಪರುಗಳು ಹತ್ತುತ್ತಲೇ ಇದ್ದವು. ಇಳ್ಯಾಂವಲ್ಲ ಎಂದಿದ್ದ ಸಾಯಬಣ್ಣ. ಇಳಿಯದಿದ್ದರೆ ಅವನೊಬ್ಬನೇ ಅಲ್ಲ. ಮುಂದಿನ ಬಂಡಿ ನಿಲ್ಲದೆ ಹಿಂದಿನವರು ನಿಲ್ಲುವುದಿಲ್ಲ.

ಏರುದಾರಿಯ ನಡುವಿನಲ್ಲಿ ಒಂದು ಡಂಪರು ತಡವರಿಸಿತು. ನಿಧಾನವಾಗಿ ಅಡ್ಡ ತಿರುಗಿ ದಾರಿಗೆ ಅಗುಳಿ ಹಾಕಿದಂತೆ ನಿಂತಿತು. ಹಾರನ್ನು ಕೂಗಿತು, ಬಹಳ ಉದ್ದಕ್ಕೆ. ಹಿಂದಿನ ಬಂಡಿ ನಿಂತು ತಾನೂ ಕೂಗಿತು. ಆಮೇಲೆ ಅದರ ಹಿಂದಿನದು. ಬಿಳಿಗಲ್ಲಿನ ಬಟ್ಟಲೆಲ್ಲ ಹಾರನ್ನಿನ ಸದ್ದು ತುಂಬಿಕೊಂಡಿತು. ಕ್ರಷರು ನಿಂತಿತು. ಆಗ ನಗಾರಿಯ ಗುಡುಗು ಕೇಳಿಸಿತು. ಎಣ್ಣೆಬಟ್ಟಲು ತರುತ್ತಿದ್ದ ಹೆಂಗಸರು ಗುಡಿಯ ಬೀಗವನ್ನು ಜಜ್ಜುಗಲ್ಲಿನಿಂದ ಒಡೆದಿದ್ದರೆಂದು ಆಮೇಲೆ ತಿಳಿಯಿತು.

ಅಡ್ಡ ನಿಂತ ಬಂಡಿಯಿಂದ ಒಂದು ಆಕೃತಿ ಇಳಿಯಿತು. ಎರಡು ಹೆಜ್ಜೆ ಹಾಕಿ ಮಂಡಿಯೂರಿ, ತೆವಳಿ ಬಂಡಿಯ ನೆರಳು ಸೇರಿತು. ಅದು ಸಾಯಬಣ್ಣನೆಂದು ತಿಳಿಯಲು ಆ ನಡಿಗೆಯ ಎರಡು ಹೆಜ್ಜೆ ಸಾಕಾಯಿತು ಅವಳಿಗೆ.

ಪೊಲೀಸರು ಬಂದಾಗ ಅಡಿವೆಪ್ಪ ಇನ್ನೂ ಹೇಳುತ್ತಲೇ ಇದ್ದ. ಸ್ವಿಚ್ಚು ಆರಿಸಿ ಮೂವರನ್ನೂ ಒಂದೇ ಜೀಪಿನಲ್ಲಿ ಒಯ್ದರು. ಮೆಟ್ಟಿಲ ಬುಡದ ಗುಂಪು ಅರ್ಧಕ್ಕರ್ಧ ಕರಗಿತ್ತು. ಉಳಿದವರಲ್ಲಿ ಯಾರೋ ಒಬ್ಬ ತುಂಬಿದ ಹರವಿಯೊಂದನ್ನು ಎಲ್ಲಿಂದಲೋ ತಂದು ಒಡೆದ ಚೂರುಗಳ ಪಕ್ಕ ಇಡುತ್ತಿದ್ದ. ಅವನು ಜೀಪಿನತ್ತ ತಿರುಗಿ ನೋಡಲಿಲ್ಲ.

ಗಣಿಯ ತಳದಲ್ಲಿ ಕೂಗಿಗೆ ಮೊದಲೇ ಬಿದ್ದಿದ್ದವನೊಬ್ಬ ಉಳಿಯಲಿಲ್ಲ. ಜಾರ್ಖಂಡಿನಿಂದ ಬಂದವನು. ಗೇಟು ಚೀಟಿಯಲ್ಲಿ ಅವನ ಹೆಸರಿರಬೇಕಾದಲ್ಲಿ ‘ಲೇಬರ್’ ಎಂದಷ್ಟೇ ಇತ್ತು. ಡಾಕ್ಟರು ಹೃದಯಾಘಾತ ಎಂದು ಬರೆದರು. ಆಯೋಗ ವಿಚಾರಣೆಯನ್ನು ಮುಂದೂಡಿತು. ಕಾಯ್ದೆಗೆ ಇನ್ನೂ ಬೆವರು ಗೊತ್ತಾಗಿಲ್ಲ. ಅವನ ಹೆಣ ಹೊತ್ತ ಗಾಡಿ ಊರು ದಾಟುವಾಗ ನಾಲ್ಕೂ ಎತ್ತರಗಳಿಂದ ಒಂದೊಂದು ಸಲ ಸದ್ದಾಯಿತು. ದೀಪ ಹತ್ತಿರಲಿಲ್ಲ. ಅವನ ದೇವರು ಯಾವುದೆಂದು ಗೊತ್ತಿಲ್ಲದ್ದರಿಂದ ನಾಲ್ವರೂ ಕೂಗಿದರು.

ಮೂವರೂ ಜಾಮೀನಿನ ಮೇಲೆ ಹೊರಬಂದ ನಂತರ ಒಕ್ಕೂಟ ಕೂತು ಕರಾರಿಗೆ ಒಂದು ಸಾಲು ಸೇರಿಸಿತು. ಕೂಗಿದವರನ್ನು ಕೇಳಬಾರದು, ಅದು ಹಾಗೇ ಇರಲಿ. ಆದರೆ ಯಾರ ಬತ್ತಿಯನ್ನೂ ಅವರೇ ಬದಲಿಸುವಂತಿಲ್ಲ. ಗುಡಿಯ ಬತ್ತಿಯನ್ನು ದರ್ಗಾದವರು ಬದಲಿಸಬೇಕು, ದರ್ಗಾದ್ದನ್ನು ಚರ್ಚಿನವರು, ಚರ್ಚಿನದನ್ನು ವಿಹಾರದವರು, ವಿಹಾರದ್ದನ್ನು ಗುಡಿಯವರು. ಗುಂಡಿ ತೋಡಿದ ಲೆಕ್ಕದಲ್ಲೇ. ಕಮಿಟಿ ಅಡಿವೆಪ್ಪನ ಪೂಜೆ ಬಿಡಿಸಿತು. ಅವನು ಈಗ ಶನಿವಾರ ಗುಡಿಯ ಮೆಟ್ಟಿಲ ಮೇಲೆ ಕೂತು ಎಣ್ಣೆ ತಂದವರನ್ನು ತಡೆದು, ಬೆವರಪ್ಪಗ ನೀರಷ್ಟೇ ಯವ್ವಾ ಎಂದು ಹೇಳುತ್ತಾನೆ. ದಸ್ತಗೀರಸಾಬ ಬತ್ತಿ ಹಿಡಿದು ಮಾಳಿಗೆ ಹತ್ತುವಾಗ ಏಣಿ ಹಿಡಿಯುವವನು ಅವನೇ.

ಆಸ್ಪತ್ರೆಯಿಂದ ಬಂದ ಸಾಯಬಣ್ಣ ಕೆಲವು ದಿನ ಮನೆಯಲ್ಲಿದ್ದ. ಅಂದು ಬಂಡಿ ಯಾಕೆ ನಿಲ್ಲಿಸಿದೆ ಎಂದು ಗೌತಮಿ ಕೇಳಲಿಲ್ಲ. ಅವನೇ ಒಂದು ಬೆಳಗ್ಗೆ ಹೇಳಿದ. ತಪ್ಪಾಗ್ಯದ ಎಂಬ ಮಾತು ಕೇಳಿ ಮೊದಲು ಯಾರೋ ತಮಾಷೆ ಮಾಡುತ್ತಿದ್ದಾರೆ ಅನ್ನಿಸಿತಂತೆ. ಅಷ್ಟು ವರ್ಷದಲ್ಲಿ ಆ ಗಣಿಯೊಳಗೆ ಯಾರ ಬಾಯಿಂದಲೂ ಆ ಮಾತು ಕೇಳಿರಲಿಲ್ಲವಂತೆ. ಎರಡನೇ ಸಲ ಕೇಳಿದಾಗ ಕಾಲು ತಾನೇ ಬ್ರೇಕಿನ ಮೇಲೆ ಹೋಯಿತಂತೆ.

ಅವನು ಮತ್ತೆ ಕೆಲಸಕ್ಕೆ ಹೊರಟ ದಿನ ಗಾಳಿ ಮತ್ತೆ ಬಿಗಿದಿತ್ತು. ಎಸಿ ಡಂಪರು ಬೇರೆಯವರಿಗೆ ಹೋಗಿತ್ತು. ಗೌತಮಿ ಒಲೆಯ ಮೇಲೆ ನೀರು ಕುದಿಸಿ ಬತ್ತಿಗೆಂದು ಹತ್ತಿಬಟ್ಟೆ ತೊಳೆಯುತ್ತಿದ್ದಳು. ಅವನು ತನ್ನ ಹಳೆಯ ಬನೀನೊಂದನ್ನು ತಂದು ಇದೂ ಆದೀತೇನು ಎಂದ. ಆದೀತು, ಆದರೆ ಚೆನ್ನಾಗಿ ಕುದಿಸಬೇಕು, ನಿನ್ನ ಉಪ್ಪು ಉಳಿದರೆ ಅದೂ ಸುಳ್ಳು ಹೇಳುತ್ತದೆ ಎಂದಳು. ಅವನು ತಾನೇ ಬನೀನನ್ನು ಕುದಿಯುವ ನೀರಿಗೆ ಅದ್ದಿ, ಸೌಟಿನಿಂದ ಒತ್ತಿ ಮುಳುಗಿಸಿದ.

ರುಮಾಲು ಸುತ್ತಿಕೊಂಡು ಹೊಸ್ತಿಲು ದಾಟಿದವನು ಒಂದು ಗಳಿಗೆ ನಿಂತ. ಮೇಲೆ ಬಿಳಿಯ ಆಕಾಶ ನೋಡಿದ.

“ನೀ ಕೂಗು” ಎಂದ. “ನಾ ಇಳೀತೀನಿ.”